ಮೊದಲು ಕಸುಬು, ಆಮೇಲೆ ಸಾಮಾನು ಎಂಬ ವಾದದ ಖಂಡನೆ

ಮರ ಹತ್ತುವ, ಕೊಂಬೆ ಸವರುವ, ತೆಂಗಿನ ತಲೆ ಬಿಡಿಸುವ ಕಸುಬಿಗೆ ಹೊಸದಾಗಿ ಬಂದವನು ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಎಲ್ಲ ಕಡೆ ಕೇಳುವ ಬುದ್ಧಿಮಾತು ಒಂದೇ: 'ಮೊದಲು ಕೆಲಸ ಕಲಿ, ನಾಲ್ಕು ಕಾಸು ಮಾಡಿಕೋ, ಸಾಮಾನು ಆಮೇಲೆ ತಗೊಂಡರಾಯಿತು.' ಹೆಲ್ಮೆಟ್ಟು, ಮೈಗೆ ಬಿಗಿಯುವ ಬೆಲ್ಟು, ಒಳ್ಳೆಯ ಹಗ್ಗ, ಕಣ್ಣಿಗೆ ಕನ್ನಡಕ, ಗರಗಸ ತಡೆಯುವ ಪ್ಯಾಂಟು ಇವೆಲ್ಲ ಸಂಪಾದನೆ ಕೈಹತ್ತಿದ ಮೇಲಿನ ಮಾತು ಎಂಬ ಭಾವನೆ ಮೇಸ್ತ್ರಿಗಳಲ್ಲಿದೆ, ತೋಟದ ಯಜಮಾನರಲ್ಲಿದೆ, ಮಗನನ್ನು ಕೆಲಸಕ್ಕೆ ಕಳಿಸುವ ಮನೆಯವರಲ್ಲೂ ಇದೆ. ಸಾಲ ಮಾಡಿ ಸಾಮಾನು ತಂದು, ಆಮೇಲೆ ಕೆಲಸವೇ ಒಗ್ಗದೆ ಹೋದರೆ ಹುಡುಗ ಕೆಡುತ್ತಾನೆ ಎಂಬ ಕಾಳಜಿ ಅದರ ಹಿಂದಿದೆ. ಕಾಳಜಿ ನಿಜ, ತೀರ್ಮಾನ ತಪ್ಪು. ಪ್ರಾಣ ಕಾಯುವ ಎರಡು ಮೂರು ವಸ್ತುಗಳು ಮೊದಲ ಮರಕ್ಕೆ ಕಾಲಿಡುವ ದಿನವೇ ಮೈಮೇಲೆ ಇರಬೇಕು. ಅಷ್ಟು ಮಾತ್ರ ಕೊಳ್ಳಲು ಆಗುವ ಖರ್ಚನ್ನು ಬಡ ಮನೆಯೂ ಹೊಂದಿಸಬಹುದು. ಉಳಿದವುಗಳಿಗೆ ಕಾಯಬಹುದು, ಆದರೆ ಅವು ಬರುವ ತನಕ ಅವು ಬೇಕಾಗುವ ಕೆಲಸಕ್ಕೂ ಕೈ ಹಾಕಬಾರದು.

ಈ ನಾಲ್ಕು ತಾಲ್ಲೂಕುಗಳ ಮರಗೆಲಸ ಒಂದೇ ಬಗೆಯದಲ್ಲ. ಕೃಷ್ಣರಾಜಸಾಗರದ ನಾಲೆ ನೀರು ಹರಿಯುವ ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ಗದ್ದೆ ಬದುವಿನ ತೆಂಗುಗಳು ನಾಲೆಯ ಮೇಲೆ, ರಸ್ತೆಯ ಮೇಲೆ ಬಾಗಿ ನಿಂತಿರುತ್ತವೆ. ಊರೊಳಗೆ ಮನೆ ಹೆಂಚಿಗೆ ತಾಗುವ ಹೊಂಗೆ, ಬೇವು, ಮಳೆಮರದ ಕೊಂಬೆಗಳನ್ನು ಇಳಿಸುವ ಕೆಲಸವೂ ಸಿಗುತ್ತದೆ. ನಾಗಮಂಗಲ ಮತ್ತು ಕೆ.ಆರ್.ಪೇಟೆಯ ಒಣಭಾಗಗಳಲ್ಲಿ ಕೊಳವೆಬಾವಿಯನ್ನು ನಂಬಿದ ತೆಂಗಿನ ತೋಟಗಳು, ಹೊಲದಂಚಿನ ಹುಣಸೆ, ಆಲ, ಮಾವು. ಎಳನೀರಿನ ವ್ಯಾಪಾರಿ ಮರದ ಮೇಲೆಯೇ ಗೊನೆ ಗುತ್ತಿಗೆ ಹಿಡಿದು, ಕೀಳುವವರನ್ನು ತಾನೇ ಕರೆತಂದು, ಮಾಲನ್ನು ಮದ್ದೂರು ಮಾರುಕಟ್ಟೆಗೆ ಹಾಕುತ್ತಾನೆ. ಕಲಿಯುವ ಹುಡುಗ ಈ ತಂಡಗಳಲ್ಲಿ ಒಬ್ಬನಾಗಿ ಸೇರುತ್ತಾನೆ. ಮೊದಲು ಕೆಳಗೆ ಕಾಯಿ ಆಯುತ್ತಾನೆ, ಆಮೇಲೆ ಗಿಡ್ಡ ಮರ, ಆಮೇಲೆ ಎತ್ತರದ ಮರ. ಶಾಲೆಯಿಲ್ಲ, ಪಠ್ಯವಿಲ್ಲ, ಮೇಸ್ತ್ರಿಯ ಬಾಯಿಯೇ ಪಠ್ಯ. ಆದ್ದರಿಂದ ಮೇಸ್ತ್ರಿಯ ಬಾಯಲ್ಲಿ ಬರುವ 'ಆಮೇಲೆ' ಎಂಬ ಮಾತಿನ ಬೆಲೆ ದೊಡ್ಡದು.

ಹನ್ನೆರಡು ಮೀಟರ್ ಎತ್ತರದಿಂದ ಕೈ ಜಾರಿದವನು ನೆಲ ಮುಟ್ಟಲು ಹಿಡಿಯುವ ಸಮಯ ಸುಮಾರು ಒಂದೂವರೆ ಸೆಕೆಂಡ್. ಆಗ ಅವನ ವೇಗ ಗಂಟೆಗೆ 55 ಕಿಲೋಮೀಟರ್. ನಾಟಿ ತೆಂಗಿನ ಮರ 15 ಮೀಟರನ್ನು ಸುಲಭವಾಗಿ ಮೀರುತ್ತದೆ. ಈ ಲೆಕ್ಕ ಕಲಿತವನಿಗೂ ಕಲಿಯದವನಿಗೂ ಒಂದೇ. ಆದರೆ ಜಾರುವ ಸಂಭವ ಒಂದೇ ಅಲ್ಲ. ಯಾವ ಗರಿಯ ಮಟ್ಟೆ ಕೈಗೆ ಕಿತ್ತು ಬರುತ್ತದೆ, ಮಳೆ ಬಿದ್ದ ಮಾರನೆಯ ದಿನ ಕಾಂಡದ ಯಾವ ಮಗ್ಗುಲು ಪಾಚಿಯಿಂದ ಜಾರುತ್ತದೆ, ಹುಣಸೆಯ ಒಣಕೊಂಬೆ ಎಷ್ಟು ಭಾರ ತಾಳುತ್ತದೆ, ತೊಡೆ ನಡುಗಲು ಶುರುವಾದ ಮೇಲೆ ಇನ್ನೆಷ್ಟು ಹೊತ್ತು ನಿಲ್ಲಬಹುದು ಎಂಬುದೆಲ್ಲ ಹಳಬನ ಮೈಗೆ ಗೊತ್ತಿರುತ್ತದೆ, ಹೊಸಬನಿಗೆ ಗೊತ್ತಿರುವುದಿಲ್ಲ. ಕಸುಬು ಕಲಿಯುವುದೆಂದರೆ ತಪ್ಪು ಮಾಡಿ ತಿದ್ದಿಕೊಳ್ಳುವುದು. ತಿದ್ದಿಕೊಳ್ಳಲು ಅವನು ಬದುಕಿರಬೇಕು. ಹೆಚ್ಚು ತಪ್ಪು ಮಾಡುವ ಕಾಲದಲ್ಲೇ ರಕ್ಷಣೆ ಬೇಡ, ಕಡಿಮೆ ತಪ್ಪು ಮಾಡುವ ಕಾಲಕ್ಕೆ ಬೇಕು ಎಂಬ ಕ್ರಮದಲ್ಲಿ ತರ್ಕವೇ ಇಲ್ಲ.

'ನಮ್ಮ ತಾತ ಹಗ್ಗದ ಕುಣಿಕೆ ಒಂದರಲ್ಲೇ ಜೀವಮಾನವೆಲ್ಲ ಹತ್ತಿದ' ಎಂಬುದು ಈ ವಾದದ ಬೆನ್ನೆಲುಬು. ತಾತ ಹತ್ತಿದ್ದು ನಿಜವೇ ಇರಬಹುದು. ಆದರೆ ಬಿದ್ದು ಸತ್ತವರು ಮೊಮ್ಮಕ್ಕಳಿಗೆ ಬುದ್ಧಿ ಹೇಳಲು ಉಳಿದಿಲ್ಲ; ಸೊಂಟ ಮುರಿದು ಜಗಲಿ ಸೇರಿದವರನ್ನು ಯಾರೂ ಮಾದರಿಯಾಗಿ ಎತ್ತಿ ಹೇಳುವುದಿಲ್ಲ. ಉಳಿದವರ ಮಾತು ಮಾತ್ರ ಕಿವಿಗೆ ಬೀಳುವುದರಿಂದ ಉಳಿಯುವುದೇ ವಾಡಿಕೆ ಎನ್ನಿಸುತ್ತದೆ. ಜೊತೆಗೆ ಆ ತಾತ ಎಂಟು ಹತ್ತು ವರ್ಷದವನಿದ್ದಾಗಿನಿಂದ ಮರ ಹತ್ತಿ ಬೆಳೆದವನು. ಇಂದು ಈ ಕೆಲಸಕ್ಕೆ ಬರುವವರಲ್ಲಿ ಅನೇಕರು ಇಪ್ಪತ್ತು ದಾಟಿದ ಮೇಲೆ, ಪಿಯುಸಿಯೋ ಡಿಗ್ರಿಯೋ ಅರ್ಧಕ್ಕೆ ಬಿಟ್ಟು, ಬೆಂಗಳೂರಿನ ಕೆಲಸ ಕಳೆದುಕೊಂಡು ಬಂದವರು. ತಾತನ ಕಾಲದ ತೋಟದಲ್ಲಿ ಪಂಪ್‌ಸೆಟ್ಟಿನ ತಂತಿ ಗರಿಗಳ ನಡುವೆ ಹಾದಿರಲಿಲ್ಲ, ಮೋಟಾರು ಗರಗಸವೂ ಇರಲಿಲ್ಲ. ಅಪಾಯ ಬದಲಾಗಿರುವಾಗ ಹಳೆಯ ಕೈಚಳಕವನ್ನು ಪ್ರಮಾಣವಾಗಿ ತರುವುದು ಸಲ್ಲದು.

ಈ ಪಕ್ಷದ ಒಂದು ಮಾತನ್ನು ಒಪ್ಪಬೇಕು. ಕಾಲಿಗೆ ಕುಣಿಕೆ ಹಾಕಿ ತೆಂಗು ಹತ್ತುವಾಗ ಬರಿಗಾಲಿನ ಹಿಡಿತ ಬೂಟಿನ ಹಿಡಿತಕ್ಕಿಂತ ಮೇಲು. ಅಲ್ಲಿ ದಪ್ಪ ಅಟ್ಟೆಯ ಬೂಟು ಹಾಕು ಎಂದು ಹಟ ಹಿಡಿದರೆ ರಕ್ಷಣೆಯ ಹೆಸರಲ್ಲಿ ಅಪಾಯ ತಂದಂತೆ. ರಕ್ಷಣೆಯ ಸಾಮಾನು ಕೆಲಸಕ್ಕೆ ತಕ್ಕಂತಿರಬೇಕು ಎಂಬುದು ಸರಿ. ಆದರೆ ಇದರಿಂದ ಯಾವ ಸಾಮಾನೂ ಬೇಡ ಎಂಬ ತೀರ್ಮಾನಕ್ಕೆ ಬರಲಾಗದು. ಬರಿಗಾಲಿನಲ್ಲಿ ಹತ್ತುವವನ ತಲೆಗೂ ಹೆಲ್ಮೆಟ್ಟು ಹಾಕಬಹುದು, ನಡುವಿಗೂ ಹಗ್ಗ ಕಟ್ಟಬಹುದು.

ಇನ್ನು ದುಡ್ಡಿನ ಮಾತು. ಎಲ್ಲರೂ ಕೊನೆಗೆ ಬಂದು ನಿಲ್ಲುವುದು ಇಲ್ಲೇ. ವಿದೇಶದ ಮರಗೆಲಸದವರು ತೊಡುವ ಪೂರ್ತಿ ಸೆಟ್ಟಿನ ಚಿತ್ರವನ್ನು ಫೋನಿನಲ್ಲಿ ನೋಡಿ, ಬೆಲೆ ಕೂಡಿಸಿ, ಅದು ಒಂದು ಒಳ್ಳೆಯ ಹಸುವಿನ ಬೆಲೆಗೆ ಹತ್ತಿರವಾದಾಗ ಹುಡುಗ ಕೈಚೆಲ್ಲುತ್ತಾನೆ. ಮೇಸ್ತ್ರಿ 'ಹೇಳಿರಲಿಲ್ಲವೇ' ಎನ್ನುತ್ತಾನೆ. ಎಲ್ಲ ಅಥವಾ ಏನೂ ಇಲ್ಲ ಎಂಬ ಈ ಲೆಕ್ಕವೇ ಮೂಲ ದೋಷ. ಆ ಪೂರ್ತಿ ಸೆಟ್ಟು ಮರದ ಮೇಲೆ ನಿಂತು ಮೋಟಾರು ಗರಗಸ ಹಿಡಿಯುವ ನುರಿತವನದು. ಮೊದಲ ವರ್ಷದವನು ಆ ಕೆಲಸ ಮಾಡಲೇಬಾರದು. ಮೊದಲ ವರ್ಷ ಕೈಗರಗಸ, ಮಚ್ಚು, ಕುಡುಗೋಲು, ನೆಲದಿಂದ ದೋಟಿ, ಗಿಡ್ಡ ಮರ, ತೆಂಗು ಹತ್ತುವ ಯಂತ್ರ ಇಷ್ಟಕ್ಕೆ ಕೆಲಸವನ್ನು ಕಟ್ಟಿಹಾಕಿದರೆ ಖರ್ಚಿನಲ್ಲಿ ದೊಡ್ಡದೆನ್ನಿಸುವ ಭಾಗವೇ ಉದುರಿಹೋಗುತ್ತದೆ. ಉಳಿಯುವುದು ಹೆಲ್ಮೆಟ್ಟು, ಕಣ್ಣಿನ ಕನ್ನಡಕ, ಕೈಗವಸು, ಮೈಬೆಲ್ಟು, ಹಗ್ಗ. ಇವುಗಳಲ್ಲಿ ಮೊದಲ ಮೂರಕ್ಕೆ ನೂರರ ಲೆಕ್ಕ, ಕೊನೆಯ ಎರಡಕ್ಕೆ ಸಾವಿರದ ಲೆಕ್ಕ. ಹುಡುಗ ಕೈಯಲ್ಲಿ ಹಿಡಿದಿರುವ ಫೋನಿನ ಬೆಲೆಯೊಳಗೆ ಇಷ್ಟೂ ಬರುತ್ತದೆ.

ಹೆಲ್ಮೆಟ್ಟಿನಲ್ಲಿ ಮೂರು ಬಗೆ ಇಲ್ಲಿ ಬಳಕೆಯಲ್ಲಿವೆ. ಬೈಕಿನದು ಮನೆಯಲ್ಲೇ ಇರುತ್ತದೆಂದು ಅದನ್ನೇ ಹಾಕಿಕೊಂಡು ಹತ್ತುವವರಿದ್ದಾರೆ. ಅದು ಭಾರ, ಕಿವಿ ಮುಚ್ಚುತ್ತದೆ, ಕತ್ತೆತ್ತಿ ಸುಳಿಯ ಕಡೆ ನೋಡಲು ಬಿಡುವುದಿಲ್ಲ. ಕೆಳಗಿನವನು 'ತಂತಿ' ಎಂದು ಕೂಗಿದರೆ ಕೇಳಿಸುವುದಿಲ್ಲ. ಎರಡನೆಯದು ಕಟ್ಟಡದವರ ಹಳದಿ ಹೆಲ್ಮೆಟ್ಟು. ಇದರಲ್ಲಿ ಐಎಸ್ 2925 ಎಂದು ಅಚ್ಚಾದ, ಐಎಸ್ಐ ಗುರುತಿರುವ ಹೆಲ್ಮೆಟ್ಟು ಕೆಳಗೆ ನಿಲ್ಲುವವನಿಗೆ ಸಾಕು. ಹತ್ತುವವನಿಗೆ ಗಲ್ಲದ ಪಟ್ಟಿ ಬೇಕೇ ಬೇಕು. ಪಟ್ಟಿಯಿಲ್ಲದ ಹೆಲ್ಮೆಟ್ಟು ಬಗ್ಗಿದಾಗ ಬೀಳುತ್ತದೆ, ತಲೆಗೆ ಹೊಡೆತ ಬೀಳುವ ಹೊತ್ತಿಗೆ ತಲೆಯ ಮೇಲೆಯೇ ಇರುವುದಿಲ್ಲ. ಕಾರ್ಖಾನೆಯ ಹೆಲ್ಮೆಟ್ಟಿಗಿರುವ ಯುರೋಪಿನ ಇಎನ್ 397 ಮಾನದಂಡದಲ್ಲಿ ಪಟ್ಟಿ 150ರಿಂದ 250 ನ್ಯೂಟನ್ ಎಳೆತಕ್ಕೆ ತಾನೇ ಬಿಟ್ಟುಕೊಳ್ಳಬೇಕೆಂದಿದೆ, ಸಿಕ್ಕಿಹಾಕಿಕೊಂಡವನ ಕತ್ತು ಬಿಗಿಯಬಾರದೆಂದು. ಮೂರನೆಯ ಬಗೆಯಾದ ಬೆಟ್ಟ ಹತ್ತುವವರ ಹೆಲ್ಮೆಟ್ಟಿನ ಇಎನ್ 12492ರಲ್ಲಿ ಪಟ್ಟಿ ಬಿಡದೆ ಹಿಡಿಯಬೇಕು, ಬೀಳುವವನ ತಲೆಯಿಂದ ಕಳಚಬಾರದೆಂದು. ಮರ ಹತ್ತುವವನ ಅಪಾಯ ಈ ಬೀಳುವ ಬಗೆಯದು. ಆದ್ದರಿಂದ ಬೆಲೆ ಹೆಚ್ಚಾದರೂ ಹತ್ತುವವನು ಈ ಮೂರನೆಯ ಬಗೆಯನ್ನೇ ಕೊಳ್ಳಬೇಕು.

ಹೆಲ್ಮೆಟ್ಟು ಏನನ್ನು ಮಾಡಲಾರದು ಎಂಬುದೂ ಅಷ್ಟೇ ಮುಖ್ಯ. ಇಎನ್ 397ರ ಪರೀಕ್ಷೆಯಲ್ಲಿ ಐದು ಕೆಜಿಯ ಗುಂಡನ್ನು ಒಂದು ಮೀಟರ್ ಎತ್ತರದಿಂದ ಬೀಳಿಸುತ್ತಾರೆ. ಅದರ ಹೊಡೆತ 49 ಜೂಲ್. ಒಂದೂವರೆ ಕೆಜಿಯ ಎಳನೀರು ಕಾಯಿ 15 ಮೀಟರಿನಿಂದ ಬಿದ್ದರೆ ಹೊಡೆತ ಸುಮಾರು 220 ಜೂಲ್. ನಾಲ್ಕು ಪಟ್ಟಿಗೂ ಹೆಚ್ಚು. ಆದ್ದರಿಂದ ಗೊನೆ ಬೀಳುವ ಜಾಗದಲ್ಲಿ ನಿಲ್ಲುವ ಪರವಾನಗಿ ಹೆಲ್ಮೆಟ್ಟಿನಿಂದ ಸಿಗುವುದಿಲ್ಲ. ಕಾಯಿ ಆಯುವ ಹುಡುಗನನ್ನು, ಮೇಲಿನವನು ಕೈ ನಿಲ್ಲಿಸಿ ಕೂಗುವ ತನಕ, ಮರದ ಬುಡದಿಂದ ದೂರ ನಿಲ್ಲಿಸಬೇಕು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಖರ್ಚಿಲ್ಲದ ಈ ನಿಯಮವನ್ನೂ ಪಾಲಿಸದ ತಂಡಗಳು ಸಾಮಾನು ದುಬಾರಿ ಎಂದು ಹೇಳುವುದು ಒಪ್ಪತಕ್ಕದ್ದಲ್ಲ.

ಮೈಬೆಲ್ಟು ಮತ್ತು ಹಗ್ಗದ ವಿಷಯ ಹೆಚ್ಚು ಬಿಡಿಸಿ ಹೇಳಬೇಕಾದದ್ದು. ಹುಡುಗರು ಅಗ್ಗವೆಂದು ಕೊಳ್ಳುವುದು ಇಲ್ಲಿ, ಹಾಗೆ ಕೊಂಡು ಮೋಸ ಹೋಗುವುದೂ ಇಲ್ಲಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಮೈಬೆಲ್ಟು ಕಟ್ಟಡ ಕೆಲಸದ್ದು: ಬೆನ್ನಿನ ಮೇಲೊಂದು ಉಂಗುರ, ಅದಕ್ಕೆ ಸುಮಾರು ಎರಡು ಮೀಟರ್ ಹಗ್ಗ, ತುದಿಗೆ ದೊಡ್ಡ ಕೊಕ್ಕೆ. ಐಎಸ್ 3521 ಗುರುತಿದ್ದರೆ ಅದು ಕೆಟ್ಟ ವಸ್ತುವೇನೂ ಅಲ್ಲ. ಬಿದ್ದವನನ್ನು ಹಿಡಿಯಲು ಅದನ್ನು ಮಾಡಿದ್ದಾರೆ. ಹಗ್ಗದ ನಡುವೆ ಮಡಿಚಿ ಹೊಲಿದ ಎಳೆತ ನುಂಗುವ ಪಟ್ಟಿಯಿದ್ದರೆ, ಬಿದ್ದಾಗ ಅದು ಹರಿಯುತ್ತ ಬಿಚ್ಚಿಕೊಂಡು ಮೈಗೆ ಬೀಳುವ ಎಳೆತವನ್ನು ಆರು ಕಿಲೋನ್ಯೂಟನ್ ಒಳಗೆ, ಅಂದರೆ ಸುಮಾರು 600 ಕೆಜಿ ಭಾರದಷ್ಟಕ್ಕೆ, ತಡೆಯುತ್ತದೆ. ಆದರೆ ಎರಡು ಮೀಟರ್ ಹಗ್ಗ, ಬಿಚ್ಚಿಕೊಳ್ಳುವ ಪಟ್ಟಿ, ಮನುಷ್ಯನ ಉದ್ದ ಎಲ್ಲ ಸೇರಿ ಕೆಳಗೆ ಸುಮಾರು ಆರು ಮೀಟರ್ ಬಯಲು ಬೇಕು. ಕಲಿಯುವವನು ಹತ್ತುವ ನಾಲ್ಕೈದು ಮೀಟರಿನ ಗಿಡ್ಡ ತೆಂಗಿನಲ್ಲಿ ಈ ಬೆಲ್ಟು ತನ್ನ ಕೆಲಸ ಶುರುಮಾಡುವ ಮೊದಲೇ ಅವನು ನೆಲ ಸೇರಿರುತ್ತಾನೆ. ಅವನಿಗೆ ಬೇಕಾದದ್ದು ಬೀಳದಂತೆ ಹಿಡಿದಿಡುವ ನಡುಪಟ್ಟಿ: ಸೊಂಟದ ಎರಡೂ ಪಕ್ಕ ಉಂಗುರವಿದ್ದು, ತೊಡೆಗೂ ಪಟ್ಟಿಯಿದ್ದು, ಮರವನ್ನು ಬಳಸಿ ಬರುವ ಗಿಡ್ಡ ಹಗ್ಗ. ಎರಡೂ ಸೌಲಭ್ಯ ಒಂದರಲ್ಲೇ ಇರುವ, ಪಕ್ಕದ ಉಂಗುರಗಳಿರುವ ಮೈಬೆಲ್ಟು ತುಸು ಹೆಚ್ಚು ಬೆಲೆಗೆ ಸಿಗುತ್ತದೆ. ಕೊಳ್ಳುವುದಾದರೆ ಅದನ್ನೇ ಕೊಳ್ಳಬೇಕು.

ಮರ ಬಳಸುವ ಹಗ್ಗವನ್ನು ಹೇಗೆ ಹಾಕಬೇಕೆಂಬುದು ಸಣ್ಣ ವಿಷಯವೆಂದು ತೋರಬಹುದು. ಕೊಂಬೆಯಿರುವ ಮರದಲ್ಲಿ ಹಗ್ಗವನ್ನು ಕಾಂಡದ ಸುತ್ತ ಸಾದಾ ಬಳಸಿದರೂ ಜಾರಿದಾಗ ಅದು ಕೆಳಗಿನ ಕವಲಿಗೆ ಸಿಕ್ಕಿ ನಿಲ್ಲುತ್ತದೆ. ತೆಂಗಿಗೆ ಕವಲಿಲ್ಲ. ಸುಳಿಯ ಕೆಳಗೆ ಸಾದಾ ಬಳಸಿ ಎರಡೂ ತುದಿಯನ್ನು ನಡುವಿಗೆ ಸಿಕ್ಕಿಸಿಕೊಂಡವನ ಕಾಲು ತಪ್ಪಿದರೆ, ಹಗ್ಗ ಸಡಿಲವಾಗಿ, ಅವನ ಜೊತೆಗೇ ಕಾಂಡವನ್ನು ಸವರುತ್ತ ಕೆಳಗಿಳಿಯುತ್ತದೆ. ಎದೆ, ಮುಖ, ಮುಂಗೈ ಕಾಂಡದ ಗರಗಸದಂಥ ಉಂಗುರಗಳಿಗೆ ಉಜ್ಜಿ ಸುಲಿಯುತ್ತವೆ, ವೇಗ ಮಾತ್ರ ಕಡಿಮೆಯಾಗುವುದಿಲ್ಲ. ಹಗ್ಗದ ಒಂದು ತುದಿ ಅದೇ ಹಗ್ಗದ ಮೇಲೆ ಓಡಾಡುವಂತೆ ಕುಣಿಕೆ ಮಾಡಿ ಹಾಕಿದರೆ, ಭಾರ ಬಿದ್ದಷ್ಟೂ ಕುಣಿಕೆ ಕಾಂಡವನ್ನು ಬಿಗಿಯುತ್ತದೆ, ಮನುಷ್ಯ ಅಲ್ಲೇ ನೇತಾಡುತ್ತಾನೆ. ಅದೇ ಹಗ್ಗ, ಅದೇ ಬೆಲೆ, ಹಾಕುವ ರೀತಿ ಮಾತ್ರ ಬೇರೆ. ಮೇಲೆ ನಿಂತು ಮಚ್ಚು ಬೀಸುವಾಗ ಇಂಥ ಎರಡು ಹಿಡಿತ ಇರಬೇಕು, ಏಕೆಂದರೆ ಬೀಸಿದ ಮಚ್ಚು ಒಂದನ್ನು ಕತ್ತರಿಸಬಹುದು. ಇದನ್ನು ಕಲಿಸದೆ ಬೆಲ್ಟು ಮಾತ್ರ ಕೊಡಿಸಿದರೂ ಅರ್ಧ ಕೆಲಸವೇ.

ಹಗ್ಗಕ್ಕೆ ತೋಟದಲ್ಲಿ ಸುಲಭವಾಗಿ ಸಿಗುವುದು ಕೊಳವೆಬಾವಿಯ ಮೋಟಾರು ಇಳಿಸುವ ಪ್ಲಾಸ್ಟಿಕ್ ಹಗ್ಗ. ಕ್ವಿಂಟಲ್‌ಗಟ್ಟಲೆ ಭಾರದ ಮೋಟಾರನ್ನೇ ಹೊರುವ ಹಗ್ಗ ಮನುಷ್ಯನನ್ನು ಹೊರದೇ ಎಂಬ ಮಾತು ಮೇಲುನೋಟಕ್ಕೆ ಸರಿಯೆನ್ನಿಸುತ್ತದೆ. ಮೋಟಾರನ್ನು ನಿಧಾನವಾಗಿ ಇಳಿಸುತ್ತಾರೆ. ಮನುಷ್ಯ ಹಠಾತ್ತನೆ ಬೀಳುತ್ತಾನೆ. ಪಾಲಿಥೀನ್ ಹಗ್ಗ ಸುಮಾರು 130 ಡಿಗ್ರಿಗೆ, ಪಾಲಿಪ್ರೊಪಿಲೀನ್ ಹಗ್ಗ ಸುಮಾರು 160 ಡಿಗ್ರಿಗೆ ಕರಗುತ್ತದೆ. ಹಗ್ಗದ ಮೇಲೆ ಹಗ್ಗ ಉಜ್ಜುತ್ತ ಮನುಷ್ಯನ ಭಾರ ಇಳಿಯುವಾಗ ಅಷ್ಟು ಬಿಸಿ ಹುಟ್ಟುವುದು ಅಪರೂಪವಲ್ಲ. ಬಿಸಿಲಿಗೆ ಬಿದ್ದ ಪ್ಲಾಸ್ಟಿಕ್ ಹಗ್ಗ ಒಳಗೊಳಗೇ ಪುಡಿಯಾಗುತ್ತದೆ. ಕೈಗೆ ಬಣ್ಣದ ಹುಡಿ ಹತ್ತಿದರೆ ಅದರ ಆಯುಸ್ಸು ಮುಗಿದಂತೆ. ಗಂಟು ಹಾಕಿದ ಕಡೆ ಯಾವ ಹಗ್ಗವಾದರೂ ತನ್ನ ಬಲದ ಮೂರನೇ ಒಂದರಷ್ಟನ್ನು, ಕೆಲವೊಮ್ಮೆ ಇನ್ನೂ ಹೆಚ್ಚನ್ನು ಕಳೆದುಕೊಳ್ಳುತ್ತದೆ. ಹತ್ತುವ ಹಗ್ಗ ಒಳಗೆ ತಿರುಳು, ಹೊರಗೆ ನೇಯ್ದ ಕವಚ ಇರುವ ನೈಲಾನ್ ಅಥವಾ ಪಾಲಿಯೆಸ್ಟರ್ ಹಗ್ಗವಾಗಿರಬೇಕು. ಇಎನ್ 1891 ಎಂಬುದು ಅದರ ಗುರುತು. ದುಬಾರಿಯೆನ್ನಿಸಿದರೆ ಉದ್ದ ಕಡಿಮೆ ಮಾಡಲಿ. ಮರ ಬಳಸಲು ನಾಲ್ಕು ಮೀಟರ್ ಸಾಕು, ಮೊದಲಿಗೆ ಅಷ್ಟನ್ನೇ ಕೊಳ್ಳಬಹುದು. ಬೋರಿನ ಹಗ್ಗ ಕಡಿದ ಕೊಂಬೆ ಎಳೆಯಲಿಕ್ಕಿರಲಿ.

ತೆಂಗಿನ ಕೆಲಸಕ್ಕೆ ಮಾತ್ರ ಇಳಿಯುವವನಿಗೆ ಇನ್ನೊಂದು ದಾರಿಯೂ ಇದೆ. ಕಣ್ಣೂರು ಜಿಲ್ಲೆಯ ಚೆಂಬೇರಿಯ ಜೋಸೆಫ್ ರೂಪಿಸಿದ, ನಿಂತು ಹತ್ತುವ ಯಂತ್ರ ಅವರ ಊರಿನ ಹೆಸರಲ್ಲೇ ದಕ್ಷಿಣ ಭಾರತದಲ್ಲೆಲ್ಲ ಹರಡಿದೆ. ಎರಡು ಕಬ್ಬಿಣದ ಚೌಕಟ್ಟು, ಎರಡು ಉಕ್ಕಿನ ತಂತಿ ಕುಣಿಕೆ. ಒಂದು ಕಾಲಿನ ಭಾರ ಒಂದು ಕುಣಿಕೆಯನ್ನು ಬಿಗಿಯುತ್ತದೆ, ಇನ್ನೊಂದು ಕಾಲು ಎತ್ತಿದಾಗ ಇನ್ನೊಂದು ಸಡಿಲವಾಗುತ್ತದೆ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಶುರುಮಾಡಿದ 'ತೆಂಗಿನ ಮರದ ಗೆಳೆಯರು' ತರಬೇತಿಯಲ್ಲಿ ಯುವಕರಿಗೂ ಮಹಿಳೆಯರಿಗೂ ಈ ಯಂತ್ರದಲ್ಲೇ ಹತ್ತಲು ಕಲಿಸಿ, ಯಂತ್ರವನ್ನೂ ಕೊಟ್ಟು ಕಳಿಸುವ ಕ್ರಮ ಬಂತು. ಹತ್ತುವವರಿಗೆ ಕೇರ ಸುರಕ್ಷಾ ಎಂಬ ವಿಮೆಯನ್ನೂ ಮಂಡಳಿ ತಂದಿತು. ಮಂಡಳಿಯ ಪ್ರಾತ್ಯಕ್ಷಿಕೆ ಮತ್ತು ಬೀಜೋತ್ಪಾದನಾ ಕ್ಷೇತ್ರ ಮಂಡ್ಯ ಪಕ್ಕದ ಲೋಕಸರದಲ್ಲೇ ಇದೆ, ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿದೆ. ಕೃಷಿ ವಿಜ್ಞಾನ ಕೇಂದ್ರ ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿದೆ. ಕಲಿಯುವವನು ಮೊದಲ ಮರ ಹತ್ತುವ ಮುನ್ನ ತರಬೇತಿಯನ್ನೂ ವಿಮೆಯನ್ನೂ ವಿಚಾರಿಸಬೇಕಾದ ಜಾಗಗಳು ಇವು. ಸಾಮಾನು ಆಮೇಲೆ ಎನ್ನುವ ಮೇಸ್ತ್ರಿ ಇವುಗಳ ದಾರಿ ತೋರಿಸಿದರೂ ಅರ್ಧ ಪಾಪ ಕಳೆಯುತ್ತದೆ. ಆದರೆ ಯಂತ್ರವಿದ್ದರೆ ಬೆಲ್ಟು ಬೇಡ ಎಂಬ ಇನ್ನೊಂದು ನಂಬಿಕೆ ಹುಟ್ಟಿಕೊಂಡಿದೆ, ಅದೂ ತಪ್ಪು. ಸಾದಾ ಯಂತ್ರ ಮನುಷ್ಯನನ್ನು ಮೇಲೆ ಒಯ್ಯುತ್ತದೆಯೇ ಹೊರತು ಅವನನ್ನು ಕಟ್ಟಿಹಿಡಿಯುವುದಿಲ್ಲ. ಕಾಲು ಪೆಡಲಿನಿಂದ ತಪ್ಪಿದರೆ ಅವನು ಹಿಂದಕ್ಕೆ ಬೀಳುತ್ತಾನೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಈ ಯಂತ್ರಕ್ಕೆ ಸುರಕ್ಷತಾ ಜೋಡಣೆಯನ್ನು ರೂಪಿಸಿದ್ದೇ ಈ ಕೊರತೆ ತುಂಬಲು. ಗೊನೆ ತಲುಪಿ ಎರಡೂ ಕೈ ಬಿಡುವ ಹೊತ್ತಿಗಾದರೂ ಬಿಗಿಯುವ ಹಗ್ಗ ಮರಕ್ಕೆ ಬಿದ್ದಿರಲೇಬೇಕು.

ಮೋಟಾರು ಗರಗಸದ ಮಾತು ಬೇರೆಯೇ. ಅಗ್ಗದ ಪೆಟ್ರೋಲ್ ಗರಗಸ ಈಗ ಎಲ್ಲ ಕಡೆ ಸಿಗುತ್ತದೆ, ಅದನ್ನು ಕೊಂಡ ಹುಡುಗ ಅದರ ಜೊತೆಗೆ ಕೊಳ್ಳಬೇಕಾದ ಪ್ಯಾಂಟನ್ನು ಕೊಳ್ಳುವುದಿಲ್ಲ. ಗರಗಸದ ಸರಪಳಿ ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ. ಜೀನ್ಸ್ ಅದನ್ನು ತಡೆಯುವುದಿಲ್ಲ, ಎರಡು ಜೀನ್ಸ್ ಹಾಕಿದರೂ ತಡೆಯುವುದಿಲ್ಲ. ರಕ್ಷಣಾ ಪ್ಯಾಂಟು ತಡೆಯುವುದು ತನ್ನ ದಪ್ಪದಿಂದಲ್ಲ. ಹೊರಬಟ್ಟೆ ಹರಿದೊಡನೆ ಒಳಗಿನ ಉದ್ದ ನಾರುಗಳು ಎಳೆದುಬಂದು ಸರಪಳಿ ತಿರುಗಿಸುವ ಚಕ್ರಕ್ಕೆ ಸುತ್ತಿಕೊಂಡು ಅದನ್ನು ನಿಲ್ಲಿಸುತ್ತವೆ. ಯುರೋಪಿನ ಮಾನದಂಡದಲ್ಲಿ ವರ್ಗ 1 ಎಂದರೆ ಸೆಕೆಂಡಿಗೆ 20 ಮೀಟರ್ ವೇಗಕ್ಕೆ, ವರ್ಗ 2 ಎಂದರೆ 24ಕ್ಕೆ, ವರ್ಗ 3 ಎಂದರೆ 28ಕ್ಕೆ ಪರೀಕ್ಷೆಯಾದದ್ದು. ನೆಲದ ಮೇಲೆ ನಿಂತು ಕುಯ್ಯುವವನಿಗೆ ಕಾಲಿನ ಮುಂಭಾಗ ಕಾಯುವ ಎ ಬಗೆ ನಡೆಯುತ್ತದೆ; ಮರದ ಮೇಲೆ ಕಾಲು ಯಾವ ಕಡೆಗಾದರೂ ತಿರುಗುವುದರಿಂದ ಸುತ್ತಲೂ ಕಾಯುವ ಸಿ ಬಗೆ ಬೇಕು. ಸೆಕೆಗೆ ಇವು ಆಗುವುದಿಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ: ಏಪ್ರಿಲ್ ಬಿಸಿಲಲ್ಲಿ ನಾಗಮಂಗಲದ ಹೊಲದ ನಡುವೆ ಈ ಪ್ಯಾಂಟು ಹಾಕಿ ಮಧ್ಯಾಹ್ನವೆಲ್ಲ ದುಡಿಯಲಾಗದು. ಆದ್ದರಿಂದ ಗರಗಸದ ಕೆಲಸ ಬೆಳಗ್ಗೆ ಒಂಬತ್ತರೊಳಗೆ ಮುಗಿಯಬೇಕು, ಅಥವಾ ಮುಂಭಾಗಕ್ಕೆ ಮಾತ್ರ ಕಟ್ಟಿಕೊಳ್ಳುವ ಕವಚ ತೊಟ್ಟು ನೆಲದಲ್ಲೇ ನಿಲ್ಲಬೇಕು. ಪ್ಯಾಂಟಿಗೆ ದುಡ್ಡಿಲ್ಲದವನು ಗರಗಸಕ್ಕೂ ದುಡ್ಡು ಹಾಕಬಾರದು. ಎರಡನ್ನೂ ಸೇರಿಸಿ ಒಂದೇ ಬೆಲೆಯೆಂದು ಎಣಿಸುವುದನ್ನು ಮೊದಲಿನಿಂದಲೇ ರೂಢಿ ಮಾಡಿಕೊಳ್ಳಬೇಕು. ನೂರು ಡೆಸಿಬೆಲ್ ದಾಟುವ ಸದ್ದಿಗೆ ಕಿವಿಮುಚ್ಚುಗವೂ ಅದೇ ಲೆಕ್ಕದಲ್ಲಿ ಸೇರುತ್ತದೆ.

ಅಗ್ಗಕ್ಕೆ ಕೊಳ್ಳುವುದು ಬೇರೆ, ನಕಲಿ ಕೊಳ್ಳುವುದು ಬೇರೆ. ಆನ್‌ಲೈನಿನಲ್ಲಿ ಸಿಗುವ ಥಳಥಳಿಸುವ ಅಲ್ಯುಮಿನಿಯಂ ಕೊಕ್ಕೆಗಳಲ್ಲಿ ಹಲವು ಬೀಗದ ಕೈ ನೇತುಹಾಕಲು ಮಾಡಿದವು. ಮನುಷ್ಯನ ಭಾರ ಹೊರುವ ಕೊಕ್ಕೆಯ ಮೈಮೇಲೆ ಅದರ ಬಲ ಕಿಲೋನ್ಯೂಟನ್‌ನಲ್ಲಿ, ಮಾನದಂಡದ ಸಂಖ್ಯೆ, ತಯಾರಕರ ಗುರುತು ಕೆತ್ತಿರುತ್ತದೆ, ಬಾಯಿಗೆ ತಾನೇ ಬೀಗ ಬೀಳುವ ವ್ಯವಸ್ಥೆ ಇರುತ್ತದೆ. ಐಎಸ್ಐ ಗುರುತಿನ ಕೆಳಗೆ ಬರೆದಿರುವ ಪರವಾನಗಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅದು ಯಾರ ಪರವಾನಗಿ, ಯಾವ ವಸ್ತುವಿಗೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಅಂಗಡಿಯಲ್ಲಿ ನಿಂತೇ ಇದನ್ನು ನೋಡಬಹುದು. ಸೆಕೆಂಡ್ ಹ್ಯಾಂಡ್ ವಿಷಯದಲ್ಲಿ ಗೆರೆ ಸ್ಪಷ್ಟವಾಗಿರಲಿ: ಕೈಗರಗಸ, ದೋಟಿ, ಕಾಯಿ ಇಳಿಸುವ ರಾಟೆ ಹಳೆಯದಾದರೆ ನಡೆಯುತ್ತದೆ. ಹೆಲ್ಮೆಟ್ಟು, ಹಗ್ಗ, ಮೈಬೆಲ್ಟು ಹಳೆಯದು ಕೂಡದು. ಒಮ್ಮೆ ಹೊಡೆತ ತಿಂದ ಹೆಲ್ಮೆಟ್ಟು, ಒಮ್ಮೆ ಬಿದ್ದವನನ್ನು ಹಿಡಿದ ಬೆಲ್ಟು ಹೊರಗೆ ಚೆನ್ನಾಗಿಯೇ ಕಾಣುತ್ತವೆ.

ಕೊಂಡದ್ದನ್ನು ಇಡುವ ಜಾಗವೂ ಬೆಲೆಯ ಭಾಗ. ಬೆಲ್ಟನ್ನು ಪಂಪ್‌ಹೌಸಿನ ಮೊಳೆಗೆ ನೇತುಹಾಕುವುದು ಇಲ್ಲಿನ ವಾಡಿಕೆ. ಅಲ್ಲೇ ಕೀಟನಾಶಕದ ಡಬ್ಬಿ, ಯೂರಿಯಾ ಚೀಲ, ಹಳೆಯ ಬ್ಯಾಟರಿ, ಇಲಿ. ಬ್ಯಾಟರಿಯ ಆಮ್ಲದ ಹಬೆ ನೈಲಾನನ್ನು ಕಣ್ಣಿಗೆ ಕಾಣದಂತೆ ತಿನ್ನುತ್ತದೆ. ಒಳ್ಳೆಯ ಬೆಲ್ಟಿನಲ್ಲಿ ಪಟ್ಟಿಯ ಬಣ್ಣ ಬೇರೆ, ಹೊಲಿಗೆ ದಾರದ ಬಣ್ಣ ಬೇರೆ ಇರುತ್ತದೆ, ಸವೆದ ಹೊಲಿಗೆ ಬೇಗ ಕಣ್ಣಿಗೆ ಬೀಳಲೆಂದು. ಹತ್ತುವ ಮುನ್ನ ಉಂಗುರದ ಬುಡದ ಹೊಲಿಗೆಗಳನ್ನು ಬೆರಳಿನಿಂದ ಮಡಿಸಿ ನೋಡಬೇಕು, ದಾರ ಎದ್ದು ನಿಂತಿದ್ದರೆ ಆ ಬೆಲ್ಟಿನ ಕೆಲಸ ಮುಗಿಯಿತು. ಹೆಲ್ಮೆಟ್ಟಿಗೆ ಬಣ್ಣ ಬಳಿಯಬಾರದು, ಪಕ್ಷದ ಸ್ಟಿಕ್ಕರ್ ಅಂಟಿಸಬಾರದು. ಬಣ್ಣ ಮತ್ತು ಅಂಟಿನ ದ್ರಾವಕ ಪ್ಲಾಸ್ಟಿಕ್ಕನ್ನು ಪೆಡಸಾಗಿಸುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ಈ ಯಾವ ಸಾಮಾನೂ ಕಾಯುವುದಿಲ್ಲ. ರಬ್ಬರ್ ಕೈಗವಸು, ಹವಾಯಿ ಚಪ್ಪಲಿ ಹಾಕಿದ್ದರೆ ಶಾಕ್ ಹೊಡೆಯುವುದಿಲ್ಲ ಎಂಬ ನಂಬಿಕೆ 11 ಕೆವಿ ಲೈನಿನ ಮುಂದೆ ನಿಲ್ಲದು. ಹಸಿ ಗರಿ ತಂತಿಗೆ ತಾಗಿದರೆ ಗರಿಯೇ ತಂತಿಯಾಗುತ್ತದೆ. ಅಲ್ಯುಮಿನಿಯಂ ದೋಟಿ ಇನ್ನೂ ಅಪಾಯ. ತಂತಿಯ ಹತ್ತಿರದ ಮರಕ್ಕೆ ವಿದ್ಯುತ್ ಕಂಪನಿಯಾದ ಚೆಸ್ಕಾಂನ ಕಚೇರಿಗೆ ತಿಳಿಸಿ, ಎಲ್‌ಸಿ, ಅಂದರೆ ಲೈನನ್ನು ಬಂದ್ ಮಾಡಿಸಿದ ಅನುಮತಿ, ತೆಗೆದುಕೊಳ್ಳದೆ ಕೈ ಹಾಕಬಾರದು. 1912ಕ್ಕೆ ಫೋನ್ ಮಾಡಿದರೆ ದೂರು ದಾಖಲಾಗುತ್ತದೆ. ಕರೆಂಟು ಹೋಗಿದೆ ಎಂದು ಹತ್ತುವುದು ಎಲ್‌ಸಿ ಅಲ್ಲ, ಯಾವ ಕ್ಷಣದಲ್ಲಾದರೂ ಅದು ಬರಬಹುದು. ಹಾಗೆಯೇ ಹೆಜ್ಜೇನು, ಕಡಜದ ಗೂಡು ಇರುವ ಮರಕ್ಕೆ ಕಲಿಯುವವನನ್ನು ಹತ್ತಿಸಬಾರದು. ಕಚ್ಚಿಸಿಕೊಂಡವನು ತಾನೇ ಕೊಕ್ಕೆ ಬಿಡಿಸಿಕೊಂಡು ಹಾರುತ್ತಾನೆ. ಮತ್ತು ಒಬ್ಬನೇ ಹತ್ತಬಾರದು. ಬೆಲ್ಟಿನಲ್ಲಿ ಪ್ರಜ್ಞೆ ತಪ್ಪಿ ನೇತಾಡುವವನ ರಕ್ತ ಕಾಲಿಗಿಳಿದು ನಿಲ್ಲುತ್ತದೆ. ಅವನನ್ನು ನಿಮಿಷಗಳ ಲೆಕ್ಕದಲ್ಲಿ ಇಳಿಸಬೇಕು. ಕೆ.ಆರ್.ಪೇಟೆಯ ಒಳಹಳ್ಳಿಗೆ 108 ವಾಹನ ಬರುವ ತನಕ ಕಾದರೆ ತಡವಾಗುತ್ತದೆ. ಇಳಿಸಲು ಗೊತ್ತಿರುವ ಎರಡನೆಯವನು, ಎರಡನೆಯ ಹಗ್ಗ ಮರದ ಬುಡದಲ್ಲೇ ಇರಬೇಕು.

ಕೊನೆಗೆ, ಈ ಖರ್ಚು ಯಾರದು ಎಂಬ ಪ್ರಶ್ನೆ. 'ಆಮೇಲೆ ತಗೋ' ಎಂಬ ಮಾತು ಖರ್ಚಿನ ಪೂರ್ತಿ ಹೊರೆಯನ್ನು ತಂಡದಲ್ಲಿ ಎಲ್ಲರಿಗಿಂತ ಕಡಿಮೆ ಕೂಲಿ ಪಡೆಯುವವನ ಮೇಲೆ ಹಾಕಿ, ಅವನು ಹೊರಲಾರದ್ದನ್ನು ಅವನ ಸೋಮಾರಿತನವೆಂದು ತೋರಿಸುತ್ತದೆ. ಗೊನೆ ಗುತ್ತಿಗೆ ಹಿಡಿದ ವ್ಯಾಪಾರಿಗೆ ಪ್ರತಿ ಮರದಿಂದ ಲಾಭವಿದೆ, ತೋಟದ ಯಜಮಾನನಿಗೆ ಬೆಳೆಯಿದೆ. ಕೆಲಸದಲ್ಲಿ ಗಾಯಗೊಂಡವನಿಗೆ ಕೆಲಸ ಕೊಟ್ಟವನು ಹೊಣೆ ಎಂಬ ತತ್ವವನ್ನು ಈ ದೇಶದ ಕಾನೂನು 1923ರ ಕಾರ್ಮಿಕರ ಪರಿಹಾರ ಕಾಯ್ದೆಯಲ್ಲೇ ಒಪ್ಪಿದೆ. ಗಾಯದ ನಂತರದ ಹೊಣೆ ಇರುವವನಿಗೆ ಗಾಯದ ಮುಂಚಿನ ಹೊಣೆಯೂ ಇರಬೇಕು. ಮೈಗೆ ಅಳತೆಯಾಗಬೇಕಾದ ಹೆಲ್ಮೆಟ್ಟು, ಮೈಬೆಲ್ಟು ಕಲಿಯುವವನ ಸ್ವಂತದ್ದಾಗಿರಲಿ. ಅದರ ಬೆಲೆಯನ್ನು ಮೇಸ್ತ್ರಿ ಮುಂಗಡವಾಗಿ ಕೊಟ್ಟು ಕೂಲಿಯಲ್ಲಿ ಸ್ವಲ್ಪ ಸ್ವಲ್ಪವೇ ಹಿಡಿಯಲಿ. ಉದ್ದದ ಹಗ್ಗ, ಯಂತ್ರ, ಗರಗಸದ ಪ್ಯಾಂಟು, ಇಳಿಸುವ ಸಾಮಾನು ತಂಡದ ಆಸ್ತಿಯಾಗಿ, ಊರಿನ ರೈತ ಉತ್ಪಾದಕ ಕಂಪನಿಯ ಅಥವಾ ಸಹಕಾರ ಸಂಘದ ಆಸ್ತಿಯಾಗಿ ಬರಲಿ. ಸ್ಪ್ರೇಯರನ್ನೂ ಟಿಲ್ಲರನ್ನೂ ಬಾಡಿಗೆಗೆ ಕೊಡುವ ಸಂಘಗಳಿಗೆ ಇದು ಹೊಸ ಕೆಲಸವೇನೂ ಆಗದು. ತೋಟದ ಯಜಮಾನನೂ ಒಂದು ಷರತ್ತು ಹಾಕಬಹುದು: ಹಗ್ಗ ಕಟ್ಟದವನನ್ನು ತನ್ನ ಮರಕ್ಕೆ ಹತ್ತಿಸುವುದಿಲ್ಲ, ಕಟ್ಟಿ ಹತ್ತುವವನಿಗೆ ಮರವೊಂದಕ್ಕೆ ಒಂದೆರಡು ರೂಪಾಯಿ ಹೆಚ್ಚು ಕೊಡುತ್ತೇನೆ ಎಂದು. ಕಟ್ಟುವುದಕ್ಕೂ ಬಿಚ್ಚುವುದಕ್ಕೂ ಹಿಡಿಯುವ ಹೊತ್ತಿನ ನಷ್ಟ ಅಷ್ಟರಲ್ಲಿ ತುಂಬುತ್ತದೆ, ಬೇಗ ಮುಗಿಸುವ ಆತುರಕ್ಕೆ ಬೆಲ್ಟು ಬಿಚ್ಚಿಡುವ ಕಾರಣವೂ ಉಳಿಯುವುದಿಲ್ಲ.